ಮೈಸೂರಿನ ಗ್ಯಾರಂಟಿ, ಲಂಡನ್ನಿನ ಕಛೇರಿ: 1950ರ ಮೇ 22ರ ಒಂದು ಪ್ರಕರಣ

ಹೋದ ವರ್ಷ ರಾಮೋತ್ಸವದ ಸಂಗೀತ ಮುಗಿದು ನಮ್ಮ ಬಡಾವಣೆ ಕಮಿಟಿ ಲೆಕ್ಕಕ್ಕೆ ಕೂತಾಗ 38,000 ರೂಪಾಯಿ ಕಮ್ಮಿ ಬಿತ್ತು. ಐದು ದಿನದ ಕಛೇರಿ, ಅದರಲ್ಲಿ ಒಂದಿನ ಚೆನ್ನೈಯಿಂದ ದೊಡ್ಡ ಗಾಯಕಿ, ಅವರ ಸಂಭಾವನೆ, ಪಕ್ಕವಾದ್ಯದವರದ್ದು ಬೇರೆ, ರೈಲು ಟಿಕೆಟ್ಟು, ಲಾಡ್ಜು, ಶಾಮಿಯಾನ, ಮೈಕ್ ಸೆಟ್ಟು, ಕೊನೆಗೆ ಹಾರ ಶಾಲು ಹಣ್ಣಿನ ಬುಟ್ಟಿ ತನಕ ಎಲ್ಲಾ ಮೊದಲೇ ಬರೆದಿಟ್ಟಿದ್ವಿ, ಬರೆಯದೇ ಇದ್ದದ್ದು ಒಂದೇ, ಕಮ್ಮಿ ಬಿದ್ರೆ ಯಾರು ಅಂತ. ಯಾಕಂದ್ರೆ ಸೈಟ್ ವ್ಯಾಪಾರ ಮಾಡೋ ಒಬ್ಬರು ಮೊದಲನೇ ಮೀಟಿಂಗಲ್ಲೇ ಎದೆ ತಟ್ಕೊಂಡು "ನಾನಿದೀನಿ ಬಿಡಿ" ಅಂದಿದ್ರು. ಉತ್ಸವ ಮುಗಿದ ಮೇಲೆ ಅವರು ಫೋನೇ ಎತ್ತಲಿಲ್ಲ. ಖಜಾಂಚಿ ಮೇಷ್ಟ್ರು, ರಿಟೈರಾಗಿ ಇಪ್ಪತ್ತು ವರ್ಷ ಆಗಿರೋರು, ತಮ್ಮ ಪೆನ್ಶನ್ ದುಡ್ಡಿಂದ ಮೈಕಿನವನಿಗೆ ಕೊಟ್ಟು ಮಾನ ಉಳಿಸಿದ್ರು.

ಆವತ್ತಿಂದ ನನಗೆ ಈ "ನಾನಿದೀನಿ ಬಿಡಿ" ಅನ್ನೋ ಮಾತಿನ ಬಗ್ಗೆನೇ ತಲೆ ಓಡ್ತಾ ಇದೆ. ಕಛೇರಿ ಅಂದ್ರೆ ಎಲ್ಲರಿಗೂ ನೆನಪಿರೋದು ವೇದಿಕೆ ಮೇಲಿನ ಹೆಸರು. ಆ ಹೆಸರು ವೇದಿಕೆ ಹತ್ತೋಕೆ ಮುಂಚೆ ಯಾರೋ ಒಬ್ಬರು ನಷ್ಟನ ಹೊತ್ಕೋತೀನಿ ಅಂತ ಒಪ್ಪಿರ್ತಾರಲ್ಲ, ಅದು ಯಾವ ಪಾಂಪ್ಲೆಟ್ಟಲ್ಲೂ ಇರಲ್ಲ. ಇದಕ್ಕೆ ನನಗೆ ಗೊತ್ತಿರೋ ಅತಿ ಒಳ್ಳೇ ಉದಾಹರಣೆ ಲಂಡನ್ನಿಂದು, 1950ರ ಮೇ 22ಕ್ಕೆ ರಿಚರ್ಡ್ ಸ್ಟ್ರೌಸ್ ಅನ್ನೋ ಜರ್ಮನ್ ಕಾಂಪೋಸರ್ ಬರೆದ ನಾಲ್ಕು ಹಾಡು ಮೊದಲ ಸಲ ಹಾಡಿದ ಕಛೇರಿ, ಆದ್ರೆ ನಷ್ಟ ಹೊತ್ಕೊಂಡೋರು ನಮ್ಮೂರಿನೋರೇ, ಜಯಚಾಮರಾಜ ಒಡೆಯರು. ಮೈಸೂರಲ್ಲಿ ಈ ಕಥೆನ ಸುಮಾರು ಜನ ಹೇಳ್ತಾರೆ, ಹೇಳೋವಾಗ "ಮಹಾರಾಜರು ಎಷ್ಟು ದೊಡ್ಡ ಮನಸ್ಸು ನೋಡಿ" ಅಂತ ಮುಗಿಸಿಬಿಡ್ತಾರೆ, ನನಗೆ ಬೇಕಿರೋದು ಅದರ ಲೆಕ್ಕದ ಪುಸ್ತಕ.

ಮೊದಲು ಆರ್ಕೆಸ್ಟ್ರಾ ವಿಷಯ. (ನಮ್ಮಲ್ಲಿ ಆರ್ಕೆಸ್ಟ್ರಾ ಅಂದ್ರೆ ಗಣೇಶನ ಹಬ್ಬದಲ್ಲಿ ಸಿನಿಮಾ ಹಾಡು ಹಾಡೋರು, ಅದಲ್ಲ, ಇದು ಪಿಟೀಲು, ಕೊಳಲು, ಕಹಳೆ, ನಗಾರಿ ಎಲ್ಲಾ ಸೇರಿ ಎಂಬತ್ತು ತೊಂಬತ್ತು ಜನ ಕೂತು ನುಡಿಸೋ ಸಿಂಫನಿ ಆರ್ಕೆಸ್ಟ್ರಾ.) ಫಿಲ್ಹಾರ್ಮೋನಿಯಾ ಅಂತ ಹೆಸರು. ಹುಟ್ಟುಹಾಕಿದ್ದು ವಾಲ್ಟರ್ ಲೆಗ್, ಇಎಂಐ ರೆಕಾರ್ಡ್ ಕಂಪನಿಯ ಪ್ರೊಡ್ಯೂಸರ್. ಮೊದಲ ಕಛೇರಿ 1945ರ ಅಕ್ಟೋಬರ್ 27ಕ್ಕೆ, ಕಿಂಗ್ಸ್‌ವೇ ಹಾಲಲ್ಲಿ, ನಡೆಸಿಕೊಟ್ಟಿದ್ದು ಸರ್ ಥಾಮಸ್ ಬೀಚಮ್, ಅವರು ತಗೊಂಡ ಸಂಭಾವನೆ ಒಂದು ಸಿಗಾರು. ಆಮೇಲೆ ಬೀಚಮ್ ಈ ಆರ್ಕೆಸ್ಟ್ರಾ ತನ್ನ ಕೈಗೆ ಬರ್ಲಿ ಅಂತ ನೋಡಿದ್ರು, ಲೆಗ್ ಬಿಟ್ಟುಕೊಡಲಿಲ್ಲ, ಬೀಚಮ್ ಹೋಗಿ ಮುಂದಿನ ವರ್ಷ ಇನ್ನೊಂದು ಆರ್ಕೆಸ್ಟ್ರಾನೇ ಕಟ್ಟಿಬಿಟ್ರು. ಕಮಿಟಿ ಜಗಳ ಎಲ್ಲಾ ಊರಲ್ಲೂ ಒಂದೇ ಥರ ಅನ್ಸುತ್ತೆ.

ಲೆಗ್‌ಗೆ ಒಂದು ಹಟ ಇತ್ತು, ಖಾಯಂ ಕಂಡಕ್ಟರ್ (ಎದುರು ನಿಂತು ಕೈಯಾಡಿಸಿ ವಾದಕರನ್ನೆಲ್ಲಾ ನಡೆಸೋರು) ಬೇಡ ಅಂತ. ಒಬ್ಬರ ಕೈಗೇ ಕೊಟ್ರೆ ಆರ್ಕೆಸ್ಟ್ರಾ ಒಂದೇ ಶೈಲಿಗೆ ಒಗ್ಗಿಬಿಡುತ್ತೆ, ಅದರ ಬದಲು ಅತಿಥಿಗಳೇ ಬರ್ಲಿ, ಒಬ್ಬೊಬ್ಬರು ಬಂದಾಗ ಒಂದೊಂದು ಥರ ನುಡಿಸಲಿ. ಕೇಳೋಕೆ ಚಂದ. ಆದ್ರೆ ಸೀಸನ್ನಿಡೀ ಅತಿಥಿಗಳ ಮೇಲೇ ನಿಂತ್ರೆ ಖರ್ಚು ಹೆಂಗಿರುತ್ತೆ ಅಂತ ನಮ್ಮ ಮೇಷ್ಟ್ರನ್ನ ಕೇಳಿ. ಕಂಡಕ್ಟರ್ ಫೀಸು, ಸೋಲೋಯಿಸ್ಟ್ ಅಂದ್ರೆ ಮುಂದೆ ನಿಂತು ಒಬ್ಬರೇ ಹಾಡೋ ಅಥವಾ ನುಡಿಸೋ ಅತಿಥಿಯ ಫೀಸು, ವಾದಕರಿಗೆ ರಿಹರ್ಸಲ್ ಲೆಕ್ಕದಲ್ಲಿ ದುಡ್ಡು, ಹಾಲ್ ಬಾಡಿಗೆ, ಹೊಸ ಕೃತಿ ಆದ್ರೆ ಅದರ ನೊಟೇಶನ್ ಪ್ರತಿಗಳಿಗೆ ಪಬ್ಲಿಷರಿಗೆ ಬೇರೆ. ಫಿಲ್ಹಾರ್ಮೋನಿಯಾ ಇದ್ದದ್ದೇ ರೆಕಾರ್ಡಿಂಗಿಗೆ ಅಂತ, ಸ್ಟುಡಿಯೋದಲ್ಲಿ ಅದಕ್ಕೆ ಸಂಪಾದನೆ ಇತ್ತು, ಆದ್ರೆ ಜನರ ಮುಂದೆ ಕಛೇರಿ ಮಾಡೋದು ಅಂದ್ರೆ ಕೈಯಿಂದ ಕಳ್ಕೊಳೋ ವ್ಯವಹಾರ. ಲೆಗ್ ಸರ್ಕಾರಿ ಮನುಷ್ಯ ಅಲ್ಲ, ಲಾರ್ಡೂ ಅಲ್ಲ, ಆರ್ಕೆಸ್ಟ್ರಾ ಅವನ ಖಾಸಗಿ ಆಸ್ತಿ.

ಇಲ್ಲಿಗೆ ಮೈಸೂರು ಬರುತ್ತೆ. ಒಡೆಯರು ಹುಟ್ಟಿದ್ದು 1919ರ ಜುಲೈ 18, ಪಟ್ಟಕ್ಕೆ ಬಂದಿದ್ದು 1940ರಲ್ಲಿ, ಅದೇ ವರ್ಷ ಮೊದಲು ತಂದೆ, ಆಮೇಲೆ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ಇಬ್ರೂ ತೀರಿಕೊಂಡಿದ್ರು. ಅವರಿಗೆ ಪಿಯಾನೊ ವಾದಕ ಆಗೋ ಆಸೆ ಇತ್ತು, ಲಂಡನ್ನಿನ ಗಿಲ್ಡ್‌ಹಾಲ್ ಸ್ಕೂಲ್ ಆಫ್ ಮ್ಯೂಸಿಕ್‌ನ ಲೈಸೆನ್ಶಿಯೇಟ್ ಅನ್ನೋ ಸಂಗೀತದ ಅರ್ಹತೆ ಪಡೆದೋರು, ಇಪ್ಪತ್ತೊಂದನೇ ವಯಸ್ಸಿಗೆ ಸಿಂಹಾಸನ ಬಂತು, ಪಿಯಾನೊ ಹಿಂದೆ ಉಳೀತು. ನಮ್ಮೋರಿಗೆ ಅವರು ಗೊತ್ತಿರೋದು ಶ್ರೀವಿದ್ಯಾ ಅಂಕಿತದ 94 ಕೃತಿಗಳಿಂದ. ಅದೇ ಮನುಷ್ಯನ ಅರಮನೆಗೆ ಲೆಗ್ ಬಂದು ನೋಡಿದ್ದು ಏನಂದ್ರೆ, ಗಂಭೀರ ಸಂಗೀತದ ಯಾವ ರೆಕಾರ್ಡ್ ಕೇಳಿದ್ರೂ ಇರೋ ಒಂದು ಲೈಬ್ರರಿ, ದೊಡ್ಡ ದೊಡ್ಡ ಸ್ಪೀಕರುಗಳು, ಒಂದಲ್ಲ ಹಲವಾರು ಗ್ರ್ಯಾಂಡ್ ಪಿಯಾನೊ. ರೆಕಾರ್ಡುಗಳ ಸಂಖ್ಯೆ ಸುಮಾರು 20,000 ಅಂತ ಅಂದಾಜು. ರೆಕಾರ್ಡ್ ಮಾಡೋದೇ ಕಸುಬಾಗಿರೋ ಒಬ್ಬ ಮನುಷ್ಯ ಸಮುದ್ರ ದಾಟಿ ಬಂದು ಇಷ್ಟು ರೆಕಾರ್ಡ್ ಕೇಳಿರೋ ಇನ್ನೂ ಮೂವತ್ತಾಗದ ಹುಡುಗನ ಎದುರು ಕೂತಿದ್ದಾನೆ, ಆ ಮಾತುಕತೆ ಹೆಂಗಿದ್ದಿರಬೇಡ!

ಮಾತುಕತೆ ಮುಗಿದಾಗ ಲೆಗ್ ಕೈಗೆ ಸಿಕ್ಕಿದ್ದು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ಮಾತು. ಆಗಿನ ದರದಲ್ಲಿ ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ, ಅಂದ್ರೆ ವರ್ಷಕ್ಕೆ 1,33,000 ರೂಪಾಯಿ ಮೇಲೆ. ಮೈಸೂರಿನ ರಾಜಧನ (ರಾಜ್ಯ ಬಿಟ್ಟುಕೊಟ್ಟ ರಾಜರಿಗೆ ಸರ್ಕಾರ ಕೊಡ್ತಿದ್ದ ದುಡ್ಡು) ವರ್ಷಕ್ಕೆ 26 ಲಕ್ಷ ಅಂತ ನಿಗದಿ ಆಗಿತ್ತು, ಅದಕ್ಕೆ ಹೋಲಿಸಿದ್ರೆ ನೂರಕ್ಕೆ ಐದರಷ್ಟು. ಇಲ್ಲಿ ರೇಷನ್ ಅಕ್ಕಿಗೆ ಕ್ಯೂ ನಿಲ್ಲೋ ಕಾಲ ಅದು, ಅಂಥ ಹೊತ್ತಲ್ಲಿ ಲಂಡನ್ ಆರ್ಕೆಸ್ಟ್ರಾಗೆ ಲಕ್ಷಗಟ್ಟಲೆ ಯಾಕೆ ಅಂತ ಯಾರಾದ್ರೂ ಕೇಳಿದ್ರೆ ಅದು ನ್ಯಾಯವಾದ ಪ್ರಶ್ನೆನೇ, ನಾನು ಅದನ್ನ ಮುಚ್ಚಿಡಲ್ಲ, "ದೊಡ್ಡ ಮನಸ್ಸು" ಅಂತ ತೇಲಿಸೋಕೂ ಹೋಗಲ್ಲ. 1948ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾಗಿ ಒಡೆಯರ ಹೆಸರು ಬಂತು.

ಆದ್ರೆ ಇವರು ದುಡ್ಡು ಕೊಟ್ಟು ಮೊದಲ ಸಾಲಲ್ಲಿ ಕೂತು ಫೋಟೋ ತೆಗೆಸ್ಕೊಳೋ ಪೈಕಿ ಅಲ್ಲ, ಮೊದಲ ಸಾಲಂತೂ ಏಳೆಂಟು ಸಾವಿರ ಕಿಲೋಮೀಟರ್ ದೂರ. ಇವರಿಗೆ ತಮ್ಮದೇ ಒಂದು ಪಟ್ಟಿ ಇತ್ತು. ಯಾರೂ ನುಡಿಸದ, ರೆಕಾರ್ಡ್ ಸಿಗದ ಕೃತಿಗಳು ಬೇಕು ಅಂತ. ಬಾಲಾಕಿರೆವ್‌ನ ಸಿಂಫನಿ, ರೂಸೆಲ್‌ನ ನಾಲ್ಕನೇ ಸಿಂಫನಿ, ಇವೆರಡನ್ನೂ 1949ರಲ್ಲಿ ಫಿಲ್ಹಾರ್ಮೋನಿಯಾ ಜೊತೆ ರೆಕಾರ್ಡ್ ಮಾಡಿದ್ದು ಹರ್ಬರ್ಟ್ ಫಾನ್ ಕಾರಾಯನ್ ಅನ್ನೋ ಕಂಡಕ್ಟರ್. ಮುಂದೆ ಕಾರಾಯನ್ ಮುಟ್ಟಿದ್ದೆಲ್ಲಾ ಚಿನ್ನದ ಬೆಲೆಗೆ ಮಾರಾಟ ಆಯ್ತು, ಆದ್ರೆ ಈ ಎರಡರ ಹತ್ರ ಅವರನ್ನ ಕರ್ಕೊಂಡು ಹೋಗಿದ್ದು ಮೈಸೂರಿನ ದುಡ್ಡು. ಇನ್ನೊಬ್ಬರು ನಿಕೊಲಾಯ್ ಮೆಟ್ನರ್, ರಷ್ಯಾ ಬಿಟ್ಟು ಬಂದು ಲಂಡನ್ನಲ್ಲಿ ನೆಲೆಸಿದ್ದ ಕಾಂಪೋಸರ್, ವಯಸ್ಸಾಗಿತ್ತು, ಹೃದ್ರೋಗ, ಕೈಯಲ್ಲಿ ಕಾಸಿಲ್ಲ. ಒಡೆಯರು ಮೆಟ್ನರ್ ಸೊಸೈಟಿ ಅಂತ ಮಾಡಿಸಿ, ಮೂರೂ ಪಿಯಾನೊ ಕಾನ್ಸರ್ಟೊಗಳನ್ನ (ಆರ್ಕೆಸ್ಟ್ರಾ ಜೊತೆ ಪಿಯಾನೊ ಮುಂದಾಗಿ ನುಡಿಸೋ ಕೃತಿಗಳು) ಸ್ವತಃ ಮೆಟ್ನರ್ ಕೈಯಲ್ಲೇ ಫಿಲ್ಹಾರ್ಮೋನಿಯಾ ಜೊತೆ ನುಡಿಸಿ ರೆಕಾರ್ಡ್ ಮಾಡಿಸಿದ್ರು. ಅತಿಥಿ ಸೋಲೋಯಿಸ್ಟ್ ಅಂದ್ರೆ ಕೃತಿ ಬರೆದ ಮನುಷ್ಯನೇ. 1951ರ ನವೆಂಬರಲ್ಲಿ ಅವರು ತೀರಿಕೊಂಡ್ರು, ಅಂದ್ರೆ ಇನ್ನು ನಾಲ್ಕೈದು ವರ್ಷ ತಡ ಮಾಡಿದ್ರೆ ಆ ಕೈ ಸಿಗ್ತಿರಲಿಲ್ಲ. ಮೂರನೇ ಕಾನ್ಸರ್ಟೊನ ಮೆಟ್ನರ್ ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ. ನನ್ನ ಮಟ್ಟಿಗೆ ಒಡೆಯರು ಮಾಡಿದ ಅತಿ ಜಾಣ ಖರ್ಚು ಇದು. ಆದ್ರೆ ಮೇ 22ರ ಪ್ರಕರಣ ಇನ್ನೂ ಚೂರು ಕ್ಲಿಷ್ಟ.

ರಿಚರ್ಡ್ ಸ್ಟ್ರೌಸ್, ಜರ್ಮನಿಯ ದೊಡ್ಡ ತಲೆ, 1948ರಲ್ಲಿ 84ನೇ ವಯಸ್ಸಲ್ಲಿ ಸೊಪ್ರಾನೊ ಕಂಠಕ್ಕೂ (ಹೆಂಗಸರ ಅತಿ ಮೇಲಿನ ಸ್ಥಾಯಿಯ ದನಿ) ಆರ್ಕೆಸ್ಟ್ರಾಗೂ ಅಂತ ನಾಲ್ಕು ಹಾಡು ಬರೆದ್ರು. ಮೇ ತಿಂಗಳಲ್ಲಿ ಶುರು, ಸೆಪ್ಟೆಂಬರಲ್ಲಿ ಮುಗೀತು. ಮೊದಲ ಸಲ ಹಾಡೋದು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಆಗಬೇಕು, ಜೊತೆಗೆ ಒಳ್ಳೇ ಕಂಡಕ್ಟರು, ಒಳ್ಳೇ ಆರ್ಕೆಸ್ಟ್ರಾ ಇರಬೇಕು ಅಂತ ಅವರು ಫ್ಲಾಗ್‌ಸ್ಟಾಡ್‌ಗೆ ಕಾಗದನೂ ಬರೆದ್ರು. 1949ರ ಸೆಪ್ಟೆಂಬರ್ 8ಕ್ಕೆ ಸ್ಟ್ರೌಸ್ ಹೋಗಿಬಿಟ್ರು, ಹಾಡು ಕೇಳಲೇ ಇಲ್ಲ. ಹೆಂಡತಿ ಪೌಲೀನೆ, ಒಂದು ಕಾಲದಲ್ಲಿ ಅವರೂ ಸೊಪ್ರಾನೊ ಗಾಯಕಿ, ಅವರು 1950ರ ಮೇ 13ಕ್ಕೆ ಹೋದ್ರು, ಕಛೇರಿಗೆ ಒಂಬತ್ತೇ ದಿನ ಇರೋವಾಗ. ಕೊನೇ ಹಾಡಲ್ಲಿ ಮುದಿ ಜೋಡಿಯೊಂದು ಸಂಜೆ ಹೊತ್ತಲ್ಲಿ ಕೈ ಹಿಡ್ಕೊಂಡು ನಿಂತಿರುತ್ತೆ, ನಾನು ಇದರ ಮೇಲೆ ಏನೂ ಹೇಳಲ್ಲ.

ಈಗ ಆಯೋಜಕರ ಜಾಗದಲ್ಲಿ ನಿಂತು ನೋಡಿ. ಸೋಲೋಯಿಸ್ಟ್ ಯಾರು ಅಂತ ಬರೆದೋರೇ ಹೇಳಿ ಹೋಗಿದ್ದಾರೆ, ಬದಲಾಯಿಸೋ ಹಂಗಿಲ್ಲ, ಅಂದ್ರೆ ಫೀಸು ಚೌಕಾಸಿ ಮಾಡೋಕೂ ಆಗಲ್ಲ. ಕಂಡಕ್ಟರ್ ಆಗಿ ಸಿಕ್ಕಿದ್ದು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್, ಅವರೂ ಅತಿಥಿ. ಇಬ್ಬರ ಹಿಂದೆನೂ ಯುದ್ಧದ ನೆರಳು. ಫುರ್ಟ್‌ವೆಂಗ್ಲರ್ ಹಿಟ್ಲರ್ ಕಾಲದಲ್ಲಿ ಜರ್ಮನಿಯಲ್ಲೇ ಉಳಿದಿದ್ರು, ವಿಚಾರಣೆ ಆಗಿ 1947ರಲ್ಲಿ ನಿರ್ದೋಷಿ ಅಂತಾದ್ರೂ, 1949ರ ಶುರುವಲ್ಲಿ ಶಿಕಾಗೊ ಆರ್ಕೆಸ್ಟ್ರಾ ಕರೆದು ಆಮೇಲೆ ಕೈಬಿಡ್ತು, ಯಾಕಂದ್ರೆ ರೂಬಿನ್‌ಸ್ಟೈನ್, ಹೊರೊವಿಟ್ಸ್ ಥರದ ಸೋಲೋಯಿಸ್ಟುಗಳು ಇವರಿದ್ರೆ ನಾವು ಬರಲ್ಲ ಅಂದ್ರು. ಅತಿಥಿಗಳ ಮೇಲೆ ನಡೆಯೋ ಸೀಸನ್ನಿಗೆ ಅತಿಥಿಗಳೇ ಬೀಗ ಹಾಕಬಹುದು, ಅದು ಆಗ ಎಲ್ಲರಿಗೂ ಅರ್ಥ ಆಯ್ತು. ಫ್ಲಾಗ್‌ಸ್ಟಾಡ್ 1941ರಲ್ಲಿ ಅಮೆರಿಕ ಬಿಟ್ಟು ಜರ್ಮನ್ನರ ಹಿಡಿತದಲ್ಲಿದ್ದ ನಾರ್ವೆಗೆ ಗಂಡನ ಹತ್ರ ವಾಪಸ್ ಹೋಗಿದ್ರು, ಆ ಗಂಡನ ಮೇಲೆ ಯುದ್ಧ ಮುಗಿದ ಮೇಲೆ ಆರೋಪ ಬಂತು, ಆಕೆ ಮತ್ತೆ ಅಮೆರಿಕಕ್ಕೆ ಹೋದಾಗ ಹಾಲ್ ಹೊರಗೆ ಬೋರ್ಡ್ ಹಿಡ್ಕೊಂಡು ಜನ ನಿಂತ್ರು. ಲಂಡನ್ನಲ್ಲಿ ಅಷ್ಟು ಸಿಟ್ಟಿರಲಿಲ್ಲ, ಅಲ್ಲಿನ ಕೊವೆಂಟ್ ಗಾರ್ಡನ್ ಆಪೆರಾದಲ್ಲಿ (ಹಾಡಿನಲ್ಲೇ ನಡೆಯೋ ನಾಟಕದ ಮನೆ) ಅವರು ಆಗಲೇ ಹಾಡ್ತಿದ್ರು. ಕಛೇರಿ ಲಂಡನ್ನಲ್ಲಿ ಆಗಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ.

ಹಾಲ್ ಯಾವುದು? ಕ್ವೀನ್ಸ್ ಹಾಲ್ 1941ರಲ್ಲೇ ಬಾಂಬಿಗೆ ಸುಟ್ಟುಹೋಗಿತ್ತು, ರಾಯಲ್ ಫೆಸ್ಟಿವಲ್ ಹಾಲ್ ತೆರೆಯೋದು 1951ಕ್ಕೆ, ಮಧ್ಯದಲ್ಲಿ ದೊಡ್ಡದಾಗಿ ಉಳಿದಿದ್ದು ರಾಯಲ್ ಆಲ್ಬರ್ಟ್ ಹಾಲ್. ಸಾವಿರಾರು ಸೀಟು, ಮೇಲಿನ ಗುಮ್ಮಟದಿಂದ ಪ್ರತಿಧ್ವನಿ, ಕಾಂಪೋಸರ್ ತನ್ನ ಕೃತಿನ ಎರಡು ಸಲ ಕೇಳಬಹುದಾದ ಹಾಲ್ ಅಂತ ಅಲ್ಲಿನೋರೇ ತಮಾಷೆ ಮಾಡ್ತಿದ್ರು. ಇಪ್ಪತ್ತು ಚಿಲ್ಲರೆ ನಿಮಿಷದ, ಕೊನೆಯಲ್ಲಿ ಉಸಿರಿನ ಹಂಗೆ ಮೆತ್ತಗಾಗೋ ಹೊಸ ಹಾಡುಗಳಿಗೆ ಅಷ್ಟು ದೊಡ್ಡ ಗುಡಾಣ. ಖಾಲಿ ಸೀಟು ಎಷ್ಟಾದ್ರೂ ಉಳೀಬಹುದು.

ಇಲ್ಲೇ ಗ್ಯಾರಂಟಿ ಬರೋದು. ಒಡೆಯರು ಬರ್ಕೊಟ್ಟಿದ್ದು 4,800 ಡಾಲರು. ಆಗಿನ ದರದಲ್ಲಿ 1,700 ಪೌಂಡು ಚಿಲ್ಲರೆ, ನಮ್ಮ ರೂಪಾಯಲ್ಲಿ 22,800ರ ಆಸುಪಾಸು. ದಾನಕ್ಕೂ ಗ್ಯಾರಂಟಿಗೂ ವ್ಯತ್ಯಾಸ ಇದೆ, ನಮ್ಮ ಕಮಿಟಿಗಳಿಗೆ ಇದು ತಲೆಗೆ ಹೋಗಲ್ಲ. ದಾನ ಕೊಟ್ಟೋನು ಕೊಟ್ಟು ಮರೀತಾನೆ, ಕಮಿಟಿನೂ ಖರ್ಚು ಮಾಡಿ ಮರೆಯುತ್ತೆ. ಗ್ಯಾರಂಟಿ ಅಂದ್ರೆ ನೀವು ಟಿಕೆಟ್ ಮಾರಿ, ಆದಷ್ಟು ನಿಮ್ಮ ಕಾಲ ಮೇಲೆ ನಿಲ್ಲಿ, ಆಮೇಲೂ ಹಳ್ಳ ಬಿದ್ರೆ ಇಷ್ಟರ ತನಕ ನಾನು ತುಂಬ್ತೀನಿ, ಅದಕ್ಕಿಂತ ಮೇಲೆ ಇಲ್ಲ. ಆ "ಇಷ್ಟರ ತನಕ" ಅನ್ನೋ ಅಂಕಿ ಕೈಯಲ್ಲಿದ್ರೇನೇ ಆಯೋಜಕ ಹಾಲ್ ಬುಕ್ ಮಾಡೋಕೆ ಧೈರ್ಯ ಮಾಡೋದು, ಒಂದು ರಿಹರ್ಸಲ್ ಹೆಚ್ಚಿಗೆ ಹಾಕೋದು. 4,800 ಅನ್ನೋದು ದೊಡ್ಡ ಅಂಕಿ ಅಲ್ಲ, ಆದ್ರೆ ಅದು ಅಂಕಿ. ಅದಕ್ಕೆ ಪ್ರತಿಯಾಗಿ ಒಡೆಯರು ಕೇಳಿದ್ದು ಒಂದೇ, ಕಛೇರಿನ ಪ್ಲೇಟಿಗೆ, ಅಂದ್ರೆ ಗ್ರಾಮಫೋನ್ ರೆಕಾರ್ಡಿಗೆ, ಇಳಿಸಿ ಮೈಸೂರಿಗೆ ಕಳ್ಸಿ.

ಆ ವರ್ಷ ಜನವರಿ 26ಕ್ಕೆ ಅವರು ಮೈಸೂರು ರಾಜ್ಯದ ರಾಜಪ್ರಮುಖ, ಅಂದ್ರೆ ರಾಜ್ಯಪಾಲರಂಥ ಹುದ್ದೆ, ಆಗಿದ್ರು. ಲಂಡನ್ನಿಗೆ ಹೋಗಿ ಕೇಳೋದು ಆಗಲಿಲ್ಲ.

ಪ್ರೋಗ್ರಾಂ ಜೋಡಿಸಿದ ರೀತಿ ನೋಡಿದ್ರೆ ಯಾರೋ ಬುದ್ಧಿವಂತರು ಕೂತು ಮಾಡಿದ್ದಾರೆ ಅಂತ ಗೊತ್ತಾಗುತ್ತೆ. ಮೊದಲು ಜರ್ಮನಿಯ ಆಪೆರಾ ಕಾಂಪೋಸರ್ ವಾಗ್ನರ್, ಮಾಸ್ಟರ್‌ಸಿಂಗರ್ ಪ್ರಿಲ್ಯೂಡು, ಸೀಗ್‌ಫ್ರೀಡ್ ಇಡಿಲ್. ಆಮೇಲೆ ಹೊಸ ನಾಲ್ಕು ಹಾಡು. ಆಮೇಲೆ ಮತ್ತೆ ವಾಗ್ನರ್, ಟ್ರಿಸ್ಟಾನ್, ಕೊನೆಗೆ ಅವನದೇ ಆಪೆರಾದ ನಾಯಕಿ ಬ್ರುನ್‌ಹಿಲ್ಡೆ ಬೆಂಕಿಗೆ ಹಾರೋ ದೃಶ್ಯ. ಫ್ಲಾಗ್‌ಸ್ಟಾಡ್ ಅಂದ್ರೆ ವಾಗ್ನರ್, ಜನ ದುಡ್ಡು ಕೊಟ್ಟು ಬರೋದು ಅದಕ್ಕೇ, ಹಾಗಾಗಿ ಗೊತ್ತಿಲ್ಲದ್ದನ್ನ ಗೊತ್ತಿರೋದರ ಮಧ್ಯೆ ಇಟ್ರು. ನಮ್ಮಲ್ಲಿ ಅಪರೂಪದ ರಾಗದಲ್ಲಿ ಪಲ್ಲವಿ ಹಾಡೋ ವಿದ್ವಾಂಸರು ಕೊನೆಗೆ ಒಂದು ಜನಪ್ರಿಯ ದೇವರನಾಮ ಇಟ್ಕೊಂಡಿರ್ತಾರಲ್ಲ, ಎದ್ದು ಹೋಗೋರನ್ನ ಹಿಡಿದಿಡೋಕೆ, ಅದೇ ಉಪಾಯ. ಹಾಡುಗಳ ಕ್ರಮವೂ ಈಗ ಪುಸ್ತಕದಲ್ಲಿ ಇರೋ ಥರ ಇರಲಿಲ್ಲ, "ಮಲಗೋ ಹೊತ್ತಲ್ಲಿ" ಮೊದಲು, ಆಮೇಲೆ "ಸೆಪ್ಟೆಂಬರ್", "ವಸಂತ", ಕೊನೆಗೆ "ಸಂಜೆಗೆಂಪಲ್ಲಿ". ನಾಲ್ಕನ್ನೂ ಸೇರಿಸಿ "ನಾಲ್ಕು ಕೊನೆಯ ಹಾಡು" ಅಂತ ಹೆಸರಿಟ್ಟಿದ್ದು ಸ್ಟ್ರೌಸ್ ಅಲ್ಲ, ಅವರ ಪಬ್ಲಿಷರ್ ಕಡೆಯ ಎರ್ನ್‌ಸ್ಟ್ ರಾತ್.

ಫ್ಲಾಗ್‌ಸ್ಟಾಡ್‌ಗೆ ಆಗ 54. ನನ್ನ ಕಿವಿಗೆ "ವಸಂತ"ಕ್ಕೆ ಆ ಕಂಠ ಭಾರ ಅನ್ಸುತ್ತೆ, ರಥದ ಹಗ್ಗದಲ್ಲಿ ತೊಟ್ಟಿಲು ತೂಗಿದ ಹಂಗೆ. ಆದ್ರೆ ಕೊನೇ ಹಾಡಿಗೆ ಬಂದಾಗ ಆ ಭಾರನೇ ಬೇಕು. ಸ್ಟ್ರೌಸ್ ಯಾಕೆ ಇವರೇ ಆಗಬೇಕು ಅಂದ್ರು ಅಂತ ಅಲ್ಲಿ ಗೊತ್ತಾಗುತ್ತೆ.

ನಾನು ಇದನ್ನ ಮೇಷ್ಟ್ರಿಗೆ ಕೇಳಿಸಿದೆ. ಅವರ ಮನೆ ವರಾಂಡದಲ್ಲಿ, ಸಕ್ಕರೆ ಡಬ್ಬಿಗೆ ಫೋನ್ ಒರಗಿಸಿಟ್ಟು. ಮೊದಲು ಬರೋದೇ ಸರಸರ ಸದ್ದು, ಒಣಗಿದ ತೆಂಗಿನ ಗರಿ ನೆಲದ ಮೇಲೆ ಎಳ್ಕೊಂಡು ಹೋದ ಹಂಗೆ, ಅದರ ಹಿಂದೆ ಎಲ್ಲೋ ಆರ್ಕೆಸ್ಟ್ರಾ, ಅದರ ಮೇಲೆ ಆ ಹೆಂಗಸಿನ ದನಿ. ಪ್ಲೇಟುಗಳ ಸ್ಥಿತಿ ಅಷ್ಟು ಕೆಟ್ಟಿದೆ. ಮೇಷ್ಟ್ರು ಕಿವಿಯ ಮಿಷನ್ ತಿರುಗಿಸ್ಕೊಂಡು ಸುಮ್ಮನೆ ಕೂತ್ರು. ಕೊನೇ ಹಾಡಲ್ಲಿ ಎರಡು ಕೊಳಲು ಬಾನಾಡಿ ಹಕ್ಕಿಗಳ ಥರ ಕಂಪಿಸ್ತವೆ, ಸರಸರ ಸದ್ದಿನ ನಡುವೆನೂ ಅದು ಕೇಳುತ್ತೆ. ಮುಗಿದ ಮೇಲೆ ಅವರು ಹೇಳಿದ್ದು ಇಷ್ಟೇ, "ಸ್ವರ ಕೆಟ್ಟಿಲ್ಲಪ್ಪ, ಪ್ಲೇಟು ಕೆಟ್ಟಿದೆ." ಚಿಕ್ಕಂದಿನಲ್ಲಿ ಒಡೆಯರನ್ನ ಅಂಬಾರಿ ಮೇಲೆ ನೋಡಿದ್ದು ನೆನಪಿದೆಯಂತೆ, ಆ ಜರಿ ಪೇಟದ ಮನುಷ್ಯ ರಾತ್ರಿ ಕೂತು ಇದನ್ನ ಕೇಳ್ತಿದ್ರು ಅಂದ್ರೆ ನಂಬೋಕಾಗ್ತಿಲ್ಲ ಅಂದ್ರು.

ಆಮೇಲೆ ಏನಾಯ್ತು ಅನ್ನೋದು ಬೇಗ ಹೇಳ್ತೀನಿ. ಆರ್ಕೆಸ್ಟ್ರಾ ಮೇಲೇರ್ತು, 1952ರಲ್ಲಿ ಹೆಸರಾಂತ ಕಂಡಕ್ಟರ್ ತೊಸ್ಕನೀನಿನೇ ಬಂದು ಅದರ ಜೊತೆ ಬ್ರಾಮ್ಸ್ ಅನ್ನೋ ಕಾಂಪೋಸರ್‌ನ ಕೃತಿಗಳನ್ನ ನಡೆಸಿದ್ರು. 1964ರಲ್ಲಿ ಲೆಗ್ ಇನ್ನು ಸಾಕು ಅಂತ ಮುಚ್ಚೋಕೆ ಹೊರಟಾಗ ವಾದಕರೇ ಸೇರಿ ನಡೆಸ್ಕೊಂಡು ಹೋದ್ರು, ಇವತ್ತಿಗೂ ಇದೆ. ಒಡೆಯರು ರಾಜ್ಯಪಾಲರಾದ್ರು, 1971ರಲ್ಲಿ ರಾಜಧನ ನಿಂತ್ಹೋಯ್ತು, 1974ರ ಸೆಪ್ಟೆಂಬರಲ್ಲಿ ತೀರಿಕೊಂಡ್ರು. ನಾಲ್ಕು ಹಾಡುಗಳನ್ನ ಆಮೇಲೆ ಹಾಡದ ದೊಡ್ಡ ಸೊಪ್ರಾನೊನೇ ಇಲ್ಲ ಅನ್ನಬಹುದು.

ಇದನ್ನ ನಾನು ಮಹಾರಾಜರ ಔದಾರ್ಯದ ಕಥೆ ಅಂತ ಓದಲ್ಲ. ವರ್ಷಕ್ಕೆ 10,000 ಪೌಂಡು ಕೊಟ್ಟಿದ್ದು ಔದಾರ್ಯ ಇರಬಹುದು. ಮೇ 22ರದ್ದು ಕೇಳುಗನೊಬ್ಬನ ಕರಾರು, ನನಗೆ ಇಂಥ ಹಾಡು ಕೇಳಬೇಕು, ಅದಕ್ಕೆ ಇಂತಿಷ್ಟು ನಷ್ಟಕ್ಕೆ ನಾನು ತಯಾರು, ನನಗೆ ಪ್ಲೇಟು ಕಳ್ಸಿ. ದುಡ್ಡು ಕೊಡೋನಿಗೆ ರುಚಿ ಇದ್ರೆ ಸೀಸನ್ನಿನ ರುಚಿನೂ ಬದಲಾಗುತ್ತೆ, ರುಚಿ ಇಲ್ಲದೆ ಬರೀ ದುಡ್ಡಿದ್ರೆ ಪ್ರತಿ ವರ್ಷ ಅದೇ ನಾಲ್ಕು ಹೆಸರು, ಅದೇ ನಾಲ್ಕು ಕೀರ್ತನೆ. ನಮ್ಮಲ್ಲಿ ಎರಡನೇ ಥರದೋರೇ ಜಾಸ್ತಿ ಅಂದ್ರೆ ಯಾರಿಗೂ ಬೇಜಾರಾಗಬಾರದು.

ಈ ವರ್ಷದ ಮೊದಲ ಮೀಟಿಂಗು ಯುಗಾದಿಗೆ ಒಂದೂವರೆ ತಿಂಗಳು ಮುಂಚೆನೇ ಆಯ್ತು. ಗಾಯಕಿಗೆ ಫೋನ್ ಮಾಡೋಣ ಅಂತ ನಾವು ಎದ್ದಾಗ ಮೇಷ್ಟ್ರು ಕೂರಿ ಅಂದ್ರು. ಹಳೇ ಲಾಂಗ್ ನೋಟ್‌ಬುಕ್ ತೆಗೆದು, ಸ್ಕೇಲಿಟ್ಟು ಗೆರೆ ಎಳೆದು, ಮೇಲೆ "ಕಮ್ಮಿ ಬಿದ್ದರೆ" ಅಂತ ಬರೆದು, ಕೆಳಗೆ ಹೆಸರು, ಮೊತ್ತ, ಸಹಿ ಅಂತ ಮೂರು ಕಾಲಂ ಮಾಡಿದ್ರು. ಮೆಡಿಕಲ್ ಸ್ಟೋರ್ ಇಟ್ಟಿರೋರು 10,000 ಅಂತ ಬರೆದ್ರು. ನಾನು 5,000 ಬರೆದೆ, ಮನೇಲಿ ಇನ್ನೂ ಹೇಳಿಲ್ಲ. ಮೂರನೆಯವರ ಮುಂದೆ ಪುಸ್ತಕ ಹೋದಾಗ ಅವರು ಪೆನ್ನು ಮುಟ್ಟದೆ ನಕ್ಕು, "ಅಯ್ಯೋ ಬಿಡಿ ಮೇಷ್ಟ್ರೇ, ಇದೆಲ್ಲಾ ಯಾಕೆ, ನಾನಿದೀನಲ್ಲ" ಅಂದ್ರು.

"ಇದೀರಿ, ಸಂತೋಷ," ಅಂದ್ರು ಮೇಷ್ಟ್ರು, ಪೆನ್ನಿನ ಕ್ಯಾಪ್ ತೆಗೆದು ಕೈಗೆ ಕೊಡ್ತಾ. "ಎಷ್ಟರ ತನಕ ಇದೀರಿ ಅಂತ ಬರೀರಿ."